ಜೋಡಿ ಒಡೆದ ತೊಗಲುಗೊಂಬೆಗಳು

ಮಳೆ ಕೈಕೊಟ್ಟ ವರ್ಷ ನಮ್ಮ ನನ್ನಿವಾಳದ ಸುತ್ತಿನ ಹಳ್ಳಿಗಳಲ್ಲಿ ಜನ ಸುಮ್ಮನೆ ಕೂರುವುದಿಲ್ಲ. ಹುಡುಗರು ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹುಯ್ಯಿಸಿಕೊಳ್ಳುತ್ತಾರೆ. ಕಪ್ಪೆಗೆ ಮದುವೆಯಾಗುತ್ತದೆ, ಹಳ್ಳದ ದಂಡೆಯಲ್ಲಿ ಪರುವು ನಡೆಯುತ್ತದೆ. ಆರಿದ್ರ ಹೋಗಿ ಪುನರ್ವಸುವೂ ಒಣಗಿದರೆ ಹಿರಿಯರು ಕೊನೆಗೆ ಹೇಳುವುದು ಒಂದೇ ಮಾತು, ವಿರಾಟಪರ್ವ ಆಡಿಸಬೇಕು. ಬೇರೆ ಕಡೆ ಗಮಕಿಗಳನ್ನು ಕರೆಸಿ ಓದಿಸುತ್ತಾರೆ. ನಮ್ಮ ಕಡೆ ತೊಗಲುಗೊಂಬೆ ಆಡಿಸುತ್ತಿದ್ದರು. ಧರ್ಮರಾಯ ಇರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆ ಬೀಳುತ್ತದೆ ಎಂದು ಭೀಷ್ಮನೇ ಹೇಳುವ ಪರ್ವ ಅದು. ವರ್ಷದ ಸರಾಸರಿ ಮಳೆ 500 ಮಿಲಿಮೀಟರ್ ಮುಟ್ಟದ ಚಳ್ಳಕೆರೆ ಸೀಮೆಯಲ್ಲಿ, ಶೇಂಗಾ ಬೀಜ ಮನೆಯಲ್ಲಿಟ್ಟುಕೊಂಡು ಆಕಾಶ ನೋಡುವವರಿಗೆ ಆ ಮಾತಿನ ತೂಕ ಗೊತ್ತು.

ಅದರಲ್ಲೂ ನಮ್ಮದು ದನದ ಊರು. ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆ ಇರುವ ಊರು. ದೇವರ ಎತ್ತುಗಳ ಹಿಂಡು, ಅವನ್ನು ಕಾಯುವ ಕಿಲಾರಿಗಳು, ಮುಳ್ಳುಬೇಲಿಯ ದೊಡ್ಡಿ ಇವೆಲ್ಲ ನಾವು ಹುಟ್ಟಿದಾಗಿನಿಂದ ಕಂಡದ್ದು. ಹಾಗಾಗಿ ವಿರಾಟಪರ್ವದಲ್ಲಿ ನಮ್ಮವರಿಗೆ ಕೀಚಕನ ವಧೆಗಿಂತ ದೊಡ್ಡದು ಗೋಗ್ರಹಣ. ಕೌರವರು ವಿರಾಟನ ಹಸುಗಳನ್ನು ಹೊಡೆದುಕೊಂಡು ಹೋಗುವುದು, ಅಂತಃಪುರದಲ್ಲಿ ಕುಣಿತ ಕಲಿಸುತ್ತಿದ್ದ ಬೃಹನ್ನಳೆ ಉತ್ತರಕುಮಾರನ ರಥ ಹೊಡೆಯುವುದು, ಬನ್ನಿಮರದಿಂದ ಗಾಂಡೀವ ಇಳಿಯುವುದು, ಹಸುಗಳು ಮರಳಿ ಬರುವುದು. ಹಸುವಿನ ಹಿಂಡಿನ ಗೊಂಬೆ ಪರದೆಯ ಮೇಲೆ ಎಡದಿಂದ ಬಲಕ್ಕೆ ಸರಿಯುವಾಗ ಮುಂದೆ ಕೂತ ಕಿಲಾರಿಗಳು ಎದ್ದು ನಿಂತು ಕೈಮುಗಿಯುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ.

ಆ ಹಿಂಡನ್ನು ಕೊಂಡವನು ನಾನು. ಬೃಹನ್ನಳೆಯನ್ನು ಕೊಂಡವನೂ ನಾನೇ. ಕೀಚಕನನ್ನೂ ತಂದೆ.

ತೊಗಲುಗೊಂಬೆ ಆಡಿಸುವವರು ಕಿಳ್ಳೇಕ್ಯಾತರು. ಕೆಲವೆಡೆ ಶಿಳ್ಳೇಕ್ಯಾತರು ಎನ್ನುತ್ತಾರೆ. ಮನೆಯೊಳಗೆ ಮರಾಠಿ ಬೆರೆತ ಮಾತು, ಆಟದಲ್ಲಿ ಅಪ್ಪಟ ಕನ್ನಡ. ಆಟವಿಲ್ಲದ ದಿನಗಳಲ್ಲಿ ಕೆರೆಯ ಮೀನು ಹಿಡಿದು ಬದುಕುವವರು. ನಾನು ಮೇಷ್ಟ್ರಾಗಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದಾಗ, ರಾಂಪುರದ ಆಚೆಯ ಒಂದು ಹಳ್ಳಿಯಲ್ಲಿ ಅಂಥ ಒಂದು ಮನೆಯ ಪರಿಚಯವಾಯಿತು. ಅಜ್ಜ ಗೊಂಬೆ ಹಿಡಿಯುತ್ತಿದ್ದ, ಅಜ್ಜಿ ಪದ ಹೇಳುತ್ತಿದ್ದಳು, ಮಗ ಮದ್ದಲೆಗೆ ಕೂರುತ್ತಿದ್ದ. ನನ್ನಿವಾಳಕ್ಕೆ ಆಟಕ್ಕೆ ಬರುತ್ತಿದ್ದವರು ಇವರೇ ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಗೊಂಬೆಗಳನ್ನು ಅವರು ಬಿದಿರಿನ ಅಗಲ ಬುಟ್ಟಿಯಲ್ಲಿ ಒಂದರ ಮೇಲೊಂದು ಮಲಗಿಸಿ, ನಡುನಡುವೆ ಬೇವಿನ ಸೊಪ್ಪು ಹಾಕಿ, ಇಲಿಗೆ ಎಟುಕದಂತೆ ತೊಲೆಗೆ ನೇತುಹಾಕಿದ್ದರು. ಅಜ್ಜ ಬುಟ್ಟಿ ಇಳಿಸಿ ಒಂದು ಗೊಂಬೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಕೈಯಲ್ಲಿದ್ದಾಗ ಮಾಸಲು ಕಂದು ತುಂಡಿನಂತಿದ್ದ ಚರ್ಮ ಬೆಳಕು ಹಾಯ್ದ ಕೂಡಲೇ ಕೆಂಪು, ಹಸಿರು, ಕಪ್ಪಾಗಿ ಎದ್ದುನಿಂತಿತು. ಅದು ಬೃಹನ್ನಳೆ. ಜಡೆಯ ಉದ್ದಕ್ಕೂ ಸಣ್ಣ ಉಳಿಯಿಂದ ಹೊಡೆದ ತೂತುಗಳು, ಒಂದೊಂದೂ ಸಾಸಿವೆ ಕಾಳಿನಷ್ಟು. ಸೀರೆಯ ನೆರಿಗೆಯ ಕೆಳಗೆ ಗೆಜ್ಜೆ ಕಟ್ಟಿದ ಪಾದ. ಆದರೆ ತೋಳು ಮಾತ್ರ ಹೆಂಗಸಿನದಲ್ಲ, ಬಿಲ್ಲು ಎಳೆದು ಗಟ್ಟಿಯಾದ ತೋಳು. ಮೊಣಕೈಯ ಹತ್ತಿರ ಹಳೆಯ ಹರಕಿಗೆ ನರದ ದಾರದಿಂದ ಹೊಲಿಗೆ ಹಾಕಿದ್ದರು. ಹೆಣ್ಣುಡುಗೆಯೊಳಗಿನ ಅರ್ಜುನನನ್ನು ತೋಳೊಂದರಿಂದಲೇ ತೋರಿಸಿದ ಆ ಕೈ ಯಾರದೋ. ಅಜ್ಜನ ಅಜ್ಜನ ಕಾಲದ್ದು ಎಂದರು.

ಈಗ ನನ್ನ ತಲೆಯಲ್ಲಿ ಆಗ ಏನಿತ್ತು ಎಂಬುದನ್ನು ಹೇಳಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಅಮೆರಿಕದ ಹಳೆಯ ಬೊಂಬೆಗಳನ್ನು ಸಂಗ್ರಹಿಸುವವರ ಬಗೆಗಿನ ಒಂದು ಸಚಿತ್ರ ಪುಸ್ತಕ ಸಿಕ್ಕಿತ್ತು. ಅದನ್ನು ಮತ್ತೆ ಮತ್ತೆ ಓದಿದ್ದೆ. ಫಿಲಡೆಲ್ಫಿಯಾದ ಲುಡ್ವಿಗ್ ಗ್ರೈನರ್ ಕಾಗದದ ಮುದ್ದೆಯಿಂದ ಬೊಂಬೆಯ ತಲೆ ಮಾಡಿ 1858ರಲ್ಲಿ ಪೇಟೆಂಟ್ ಪಡೆದದ್ದು, ರೋಡ್ ಐಲೆಂಡಿನ ಇಜ಼ಾನಾ ವಾಕರ್ ಎಂಬಾಕೆ ಬಟ್ಟೆಯ ಬೊಂಬೆಗೆ ಎಣ್ಣೆಬಣ್ಣದ ಮುಖ ಬರೆದು 1873ರಲ್ಲಿ ಪೇಟೆಂಟ್ ಪಡೆದದ್ದು, ಅದೇ ವರ್ಷ ವರ್ಮಾಂಟಿನ ಜೋಯೆಲ್ ಎಲ್ಲಿಸ್ ಕೈಕಾಲು ಮಡಿಸುವ ಮರದ ಬೊಂಬೆ ತಂದದ್ದು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಮಾರ್ಗರೆಟ್ ವುಡ್‌ಬರಿ ಸ್ಟ್ರಾಂಗ್ ಎಂಬ ಶ್ರೀಮಂತೆ ಸಾವಿರಗಟ್ಟಲೆ ಬೊಂಬೆ ಕೂಡಿಟ್ಟಿದ್ದಳು. 1969ರಲ್ಲಿ ಆಕೆ ತೀರಿಕೊಂಡ ಮೇಲೆ ಅದೇ ಒಂದು ದೊಡ್ಡ ವಸ್ತುಸಂಗ್ರಹಾಲಯಕ್ಕೆ ಬುನಾದಿಯಾಯಿತು. ಕುಗ್ರಾಮದ ಮೇಷ್ಟ್ರಿಗೆ ಇದೆಲ್ಲ ಬೇರೊಂದು ಲೋಕ. ಮಕ್ಕಳ ಆಟದ ಸಾಮಾನನ್ನು ಇಷ್ಟು ಪ್ರೀತಿಯಿಂದ, ಇಷ್ಟು ಶಾಸ್ತ್ರೋಕ್ತವಾಗಿ ಕಾಯುವವರಿದ್ದಾರಲ್ಲ ಎಂದು ಬೆರಗಾಗಿದ್ದೆ. ನಮ್ಮ ಸೀಮೆಯ ಗೊಂಬೆಗಳಿಗೂ ಒಬ್ಬ ಕಾಯುವವನು ಬೇಕು, ಅದು ನಾನೇ ಆಗಬೇಕು ಎಂದುಕೊಂಡಿದ್ದೆ. ಆ ಆಸೆ ಸುಳ್ಳಲ್ಲ. ಇವತ್ತಿಗೂ ಅದಕ್ಕಾಗಿ ನಾಚುವುದಿಲ್ಲ.

ಆದರೆ ಆ ಪುಸ್ತಕದಿಂದ ನಾನು ಕಲಿತದ್ದು ಬೊಂಬೆ ಆರಿಸುವ ಬಗೆ. ಅಪರೂಪದ್ದನ್ನು ಆರಿಸು, ಹಳೆಯದನ್ನು ಆರಿಸು, ಎಲ್ಲಕ್ಕಿಂತ ಚೆನ್ನಾಗಿ ಉಳಿದದ್ದನ್ನು ಆರಿಸು. ಒಬ್ಬ ಹುಡುಗಿಯ ಮಡಿಲಲ್ಲಿ ಕೂತಿದ್ದ ಬೊಂಬೆಗೆ ಈ ನಿಯಮ ಸರಿ. ಇಜ಼ಾನಾ ವಾಕರ್‌ಳ ಬೊಂಬೆ ಒಂಟಿಯಾಗಿದ್ದರೂ ಪೂರ್ತಿಯೇ. ಅದೇ ನಿಯಮ ಹಿಡಿದು ನಾನು ಕಿಳ್ಳೇಕ್ಯಾತರ ಬುಟ್ಟಿಗೆ ಕೈ ಹಾಕಿದೆ.

ಅಜ್ಜನ ಮನೆಯಲ್ಲಿ ಆಗ ಕಷ್ಟವಿತ್ತು. ವಿಡಿಯೊ, ಟಿ.ವಿ. ಬಂದು ಆಟ ಕೇಳುವವರು ಕಡಿಮೆಯಾಗಿದ್ದರು. ಮಗಳ ಮದುವೆಯ ಸಾಲ ತಲೆಯ ಮೇಲಿತ್ತು. ನಾನು ಬೃಹನ್ನಳೆ, ಕೀಚಕ ಮತ್ತು ಹಸುವಿನ ಹಿಂಡನ್ನು ಬೇರೆ ತೆಗೆದಿಟ್ಟೆ. ಕಂಕಭಟ್ಟನ ಬಣ್ಣ ಉದುರಿತ್ತು, ವಲಲನ ಕೈ ಮುರಿದಿತ್ತು, ಉತ್ತರಕುಮಾರ ಈಚೆಗೆ ಮಾಡಿದ ಒರಟು ಗೊಂಬೆ. ಅವು ನನಗೆ ಬೇಡವಾದವು. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದಳು.

"ಜೋಡಿ ಒಡೀಬ್ಯಾಡ್ರಿ ಸಾಮಿ. ತಗಂಡ್ರೆ ಎಲ್ಲಾ ತಗಾಳ್ರಿ, ಇಲ್ಲಾಂದ್ರೆ ಅಂಗೇ ಬಿಡ್ರಿ."

ಬುಟ್ಟಿ ಪೂರ್ತಿ ಮಾರಿ ಹೆಚ್ಚು ದುಡ್ಡು ಪಡೆಯಲು ಆಡಿದ ವ್ಯಾಪಾರದ ಮಾತು ಎಂದುಕೊಂಡೆ. ಆ ಮೂರಕ್ಕೇ ಇನ್ನಷ್ಟು ದುಡ್ಡು ಸೇರಿಸಿ ಕೊಟ್ಟೆ. ಅಜ್ಜ ದುಡ್ಡು ಎಣಿಸಲಿಲ್ಲ, ಮಡಿಲಿಗೆ ಹಾಕಿಕೊಂಡ. ಗೊಂಬೆಗಳಿಗೆ ಊದುಬತ್ತಿ ಬೆಳಗಿ ನನ್ನ ಕೈಗಿಟ್ಟ. ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ ತಪ್ಪು ಗೊಂಬೆ ಕೊಂಡದ್ದಲ್ಲ, ಆ ಹೆಂಗಸಿನ ಮಾತನ್ನು ಚೌಕಾಸಿ ಎಂದು ತಿಳಿದದ್ದು. ನಮ್ಮೂರಲ್ಲಿ ದೇವರ ಎತ್ತನ್ನು ಯಾರೂ ಮಾರುವುದಿಲ್ಲ, ಹಿಂಡಿನಿಂದ ಒಂದನ್ನು ಆರಿಸಿ ಹೊಡೆದುಕೊಂಡು ಹೋಗುತ್ತೇನೆ ಎಂದು ಯಾವನಾದರೂ ಬಂದರೆ ಊರೇ ಅಡ್ಡ ನಿಲ್ಲುತ್ತದೆ. ಅಂಥ ಊರಲ್ಲಿ ಹುಟ್ಟಿ ಬೆಳೆದವನಿಗೆ ಅಜ್ಜಿ ಹೇಳಿದ್ದು ಅರ್ಥವಾಗಬೇಕಿತ್ತು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಹಸುವಿನ ಹಿಂಡು ನನ್ನ ಬಳಿ ಹೆಚ್ಚು ಕಾಲ ಉಳಿಯಲಿಲ್ಲ. ಬೆಂಗಳೂರಿನ ಒಬ್ಬ ವ್ಯಾಪಾರಿ ಅದನ್ನು ನೋಡಿ, ಅದರ ಬದಲಿಗೆ ಹತ್ತು ತಲೆಯ ರಾವಣನ ದೊಡ್ಡ ಗೊಂಬೆ ಕೊಡುತ್ತೇನೆಂದ. ಸಂಗ್ರಹ ಮಾಡುವವರಲ್ಲಿ ಈ ಕೊಡುಕೊಳ್ಳುವಿಕೆ ಸಾಮಾನ್ಯ, ಒಪ್ಪಿದೆ. ಉಳಿದ ಎರಡನ್ನು ಮನೆಯ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕೆನಿಸಿತು. ಪ್ಲೈವುಡ್ ಹಲಗೆಗೆ ಮರಗೆಲಸದ ಗೋಂದು ಬಳಿದು ಗೊಂಬೆಗಳನ್ನು ಅಂಟಿಸಿ, ಮೇಲೆ ವಾರ್ನಿಷ್ ಹೊಡೆದು, ಗಾಜು ಹಾಕಿಸಿದೆ.

ತೊಗಲುಗೊಂಬೆಯ ಚರ್ಮದ ಗುಣ ಬಲ್ಲವರು ಯಾರೂ ಹೀಗೆ ಮಾಡುವುದಿಲ್ಲ. ಮೇಕೆಯ ತೊಗಲನ್ನು ನೆನೆಸಿ, ಕೂದಲು ಹೆರೆದು, ಹಲಗೆಗೆ ಮೊಳೆ ಹೊಡೆದು ಬಿಗಿದು ಒಣಗಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ಚಪ್ಪಲಿಯ ಚರ್ಮದಂತೆ ಅದನ್ನು ಹದ ಹಾಕುವುದಿಲ್ಲ. ಹಾಗಾಗಿ ಅದು ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಬಿಸಿಲಿಗೆ ಬಿಗಿಯುತ್ತದೆ. ಈ ಚಲನೆಗೆ ಅವಕಾಶವಿರಲೆಂದೇ ಗೊಂಬೆಯನ್ನು ನಡುವೆ ಒಂದು ಬಿದಿರ ಸೀಳಿಗೆ ಮಾತ್ರ ಕಟ್ಟಿ, ಸುತ್ತಲೂ ಬಿಟ್ಟಿರುತ್ತಾರೆ. ನಾನು ಮೈಪೂರ್ತಿ ಅಂಟಿಸಿದ್ದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಲಗೆಯೇ ಬಾಗಿತು. ಗೊಂಬೆಯ ಹಿಂದೆ ಮರ ಬಂದು ಬಣ್ಣ ಸತ್ತಿತು. ಬಂದವರಿಗೆ "ಇದು ಬೃಹನ್ನಳೆ" ಎಂದು ಬಾಯಿ ಬಿಟ್ಟು ಹೇಳಬೇಕಾಯಿತು. ಅಮೆರಿಕದ ಆ ಪುಸ್ತಕದಲ್ಲೇ, ಹಳೆಯ ಬೊಂಬೆಗೆ ಹೊಸ ಬಣ್ಣ, ಹೊಸ ಮೆರುಗು ಕೊಟ್ಟರೆ ಅದರ ಬೆಲೆ ಹೋದಂತೆ ಎಂದು ಬರೆದಿತ್ತು. ಬೊಂಬೆ ಯಾರ ಮನೆಯಿಂದ ಬಂತೆಂದು ಬರೆದಿಡಿ ಎಂದೂ ಇತ್ತು. ಆ ಪುಟಗಳನ್ನು ನಾನು ದಾಟಿಸಿ ಓದಿದ್ದೆ.

2002ರಲ್ಲಿ ಮುಂಗಾರು ಇಡೀ ದೇಶಕ್ಕೆ ಕೈಕೊಟ್ಟಿತು. ನಮ್ಮಲ್ಲಿ ಅದಕ್ಕೆ ಮೊದಲೂ ಬರ, ಆಮೇಲೂ ಬರ. ಶೇಂಗಾ ಬಿತ್ತಿದವರದು ಮೊಳಕೆಯಲ್ಲೇ ಸುಟ್ಟುಹೋಯಿತು, ಬಿತ್ತದವರು ಬೀಜವನ್ನೇ ಹುರಿದು ತಿಂದರು. ದೊಡ್ಡಿಯಲ್ಲಿ ಮೇವಿಲ್ಲ. ಊರಿನ ಹಿರಿಯರು ಸೇರಿ ವಿರಾಟಪರ್ವ ಆಡಿಸುವುದೆಂದು ಗೊತ್ತುಮಾಡಿ, ಎಲೆಅಡಿಕೆ ತೆಗೆದುಕೊಂಡು ಅಜ್ಜನ ಹಳ್ಳಿಗೆ ಹೋದರು. ಅಜ್ಜ ವೀಳ್ಯ ಮುಟ್ಟಲಿಲ್ಲವಂತೆ. "ಬೃಹನ್ನಳೆ ನಿಮ್ಮೂರಾಗೇ ಐತಲ್ಲ, ಮೇಷ್ಟ್ರ ಮನ್ಯಾಗೆ. ಮೊದ್ಲು ಅದನ್ನ ಕೇಳ್ರಿ" ಎಂದನಂತೆ.

ಅವರು ನೇರ ನನ್ನ ಮನೆಗೆ ಬಂದರು. ನನ್ನ ದೊಡ್ಡಪ್ಪನೂ ಜೊತೆಗಿದ್ದರು. ಯಾರೂ ಬೈಯಲಿಲ್ಲ. "ಕೊಡಪ್ಪ, ಆಟ ಮುಗುದ್ ಮ್ಯಾಲೆ ನಿಂದು ನಿಂಗೇ ಕೊಡ್ತೀವಿ" ಎಂದರು ದೊಡ್ಡಪ್ಪ. ನಾನು ಗಾಜು ಬಿಚ್ಚಿದೆ. ಅಂಚಿನಲ್ಲಿ ಬ್ಲೇಡು ತೂರಿಸಿ ನೋಡಿದೆ, ಜಡೆಯ ತೂತುಗಳ ಸಾಲು ಹರಿಯತೊಡಗಿತು. ಒದ್ದೆ ಬಟ್ಟೆ ಹಾಕಿದರೆ ಗೋಂದು ಬಿಡಬಹುದೆಂದು ಹಾಕಿದೆ. ವಾರ್ನಿಷ್ ಬಿರಿದಿದ್ದ ಕಡೆಯಿಂದ ನೀರು ಇಳಿದು, ಬಟ್ಟೆ ಎತ್ತಿದಾಗ ಅದರ ತುಂಬ ಕೆಂಪು. ಸೀರೆಯ ಬಣ್ಣ ಬಟ್ಟೆಗೆ ಬಂದಿತ್ತು, ಗೊಂಬೆ ಹಲಗೆಯಲ್ಲೇ ಇತ್ತು. ಹಿರಿಯರು ಸುತ್ತ ಕೂತು ನೋಡುತ್ತಿದ್ದರು. ಒಬ್ಬರು ನನ್ನ ಕೈ ಹಿಡಿದು "ಸಾಕು ಬಿಡು" ಎಂದರು. ಹಸುಗಳು ಎಲ್ಲಿ ಎಂದು ಕೇಳಿದವರಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಆ ವ್ಯಾಪಾರಿಯ ಅಂಗಡಿ ಆ ಹೊತ್ತಿಗೆ ಮುಚ್ಚಿತ್ತು.

ಆಟ ಆಗಲಿಲ್ಲ. ಆಗಿದ್ದರೆ ಮಳೆ ಬರುತ್ತಿತ್ತೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನನ್ನದಲ್ಲ. ಮಳೆಯಿಲ್ಲದ ಊರು ಒಂದು ರಾತ್ರಿ ಒಟ್ಟಿಗೆ ಕೂತು, ಕಳೆದುಹೋದ ಹಸುಗಳು ಮರಳಿ ಬರುವುದನ್ನು ನೋಡಬೇಕಿತ್ತು. ಅದು ತಪ್ಪಿದ್ದು ನನ್ನಿಂದ.

ಗೊಂಬೆ ಸಂಗ್ರಹಿಸುವುದೇ ತಪ್ಪೆಂದು ನಾನು ಹೇಳಲಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳನ್ನು ಕಲೆಹಾಕದೆ ಇದ್ದಿದ್ದರೆ ಎಷ್ಟೋ ಮನೆತನಗಳ ಕೈಕೆಲಸ ಗೆದ್ದಲಿನ ಪಾಲಾಗುತ್ತಿತ್ತು. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದ್ದರಿಂದ ಹೊಸ ತಲೆಮಾರಿಗೆ ನೋಡಲಾದರೂ ಏನಾದರೂ ಉಳಿದಿದೆ. ಆದರೆ ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲೇ ಇನ್ನೊಂದು ಬಗೆಯ ಸಂಗ್ರಹ ನಡೆದದ್ದನ್ನು ನಾನು ಗಮನಿಸಬೇಕಿತ್ತು. ಕೃಷ್ಣಮೂರ್ತಿ ಹನೂರು ಅವರು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಪದಗಳನ್ನು ಸಂಗ್ರಹಿಸಿದರು. ಎಷ್ಟು ಪದ ಬರೆದುಕೊಂಡರೂ ಅಜ್ಜಿಯ ಬಾಯಲ್ಲಿದ್ದುದು ಒಂದು ಸೊಲ್ಲೂ ಕಡಿಮೆಯಾಗಲಿಲ್ಲ. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಗೊಂಬೆ ಹಾಗಲ್ಲ. ನಾನು ಒಯ್ದ ಮೇಲೆ ಆ ಮನೆಯಲ್ಲಿ ಅದು ಇಲ್ಲ.

ಗಡಿಯಾಚೆ, ಧರ್ಮಾವರದ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆಯವರು ಇನ್ನೊಂದು ದಾರಿ ಹಿಡಿದರು. ಪೇಟೆಗೆ ಲ್ಯಾಂಪ್‌ಶೇಡ್, ಗೋಡೆಯ ಚಿತ್ರ ಹೊಸದಾಗಿ ಮಾಡಿ ಮಾರಿದರು. ಅದರಿಂದ ಕೈಯ ಕಸುಬು ಉಳಿಯಿತು. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿಯೇ ಪದ್ಮಶ್ರೀ ಬಂದಾಗ ಆಕೆಗೆ ತೊಂಬತ್ತು ದಾಟಿತ್ತು. ನನ್ನಂಥವನು ಮಾಡಬೇಕಾಗಿದ್ದ ಕೆಲಸ ಇದರಲ್ಲೇ ಇದೆ. ಹಳೆಯದನ್ನು ಅವರ ಬುಟ್ಟಿಯಲ್ಲೇ ಬಿಟ್ಟು, ಹೊಸ ಗೊಂಬೆ ಮಾಡಿಕೊಡಿ ಎಂದು ದುಡ್ಡು ಕೊಡಬಹುದಿತ್ತು. ಸಾಲವೂ ತೀರುತ್ತಿತ್ತು.

ಬರ ಮುಗಿದ ಮೇಲೆ ನಾನು ಹಲಗೆಗಳನ್ನು ಹೊತ್ತು ಅಜ್ಜನ ಮನೆಗೆ ಹೋದೆ. ಆ ಹತ್ತು ತಲೆಯ ರಾವಣನನ್ನೂ ಒಯ್ದೆ. ರಾವಣ ಬೇರೆ ಮನೆಯವರ ಕೆಲಸ, ತನಗೆ ಬೇಡ ಎಂದ ಅಜ್ಜ. ಬೃಹನ್ನಳೆಯ ಮೇಲೆ ಕೈಯಾಡಿಸಿ, ಒಲೆಯಿಂದ ಇದ್ದಿಲು ತರಿಸಿ, ಹೊಸ ಮೇಕೆ ತೊಗಲನ್ನು ಗೊಂಬೆಯ ಮೇಲೆ ಹಾಸಿದ. ತೆಳ್ಳಗಿನ ತೊಗಲಿನ ಮೂಲಕ ಕೆಳಗಿನ ಗೆರೆ ಕಾಣುತ್ತಿತ್ತು. ಸುತ್ತುಗೆರೆ ಎಳೆದ. ಹೊಸ ಗೊಂಬೆ ಮಾಡುವಾಗ ಹಳೆಯದರ ಮೇಲಿಟ್ಟು ಹೀಗೇ ಎತ್ತಿಕೊಳ್ಳುತ್ತಾರೆ ಎಂಬುದು ನನಗೆ ತಿಳಿದದ್ದು ಆಗ. ಬುಟ್ಟಿಯಲ್ಲಿದ್ದ ಹಳೆಯ ಗೊಂಬೆ ಆಡುವುದಕ್ಕೆ ಮಾತ್ರವಲ್ಲ, ಮುಂದಿನದಕ್ಕೆ ಅಳತೆಯೂ ಹೌದು. ಜಡೆಯ ತೂತುಗಳು ಹರಿದಿದ್ದ ಕಡೆ ಅವನು ಕೈ ನಿಲ್ಲಿಸಿ ಅಜ್ಜಿಯನ್ನು ಕೇಳಿದ. ಅಜ್ಜಿ ಬೃಹನ್ನಳೆ ಬರುವ ಪದವನ್ನು ಬಾಯಲ್ಲೇ ಹೇಳಿಕೊಂಡು, ಜಡೆಗೆ ಎಷ್ಟು ಬಿಲ್ಲೆ, ಯಾವ ಹೂ ಎಂದು ಹೇಳಿದಳು. ಅದು ಪದದಲ್ಲಿತ್ತು.

ಬೃಹನ್ನಳೆ, ಕೀಚಕ ಹೀಗೆ ಮತ್ತೆ ಆದವು, ತೊಗಲಿನ ಖರ್ಚು ನಾನು ಕೊಟ್ಟೆ. ಹಸುವಿನ ಹಿಂಡು ಆಗಲಿಲ್ಲ. ಅದರ ಮೇಲಿಟ್ಟು ಗೆರೆ ಎಳೆಯಲು ಮೂಲವೇ ಇಲ್ಲ. ಅದು ಜಿಂಕೆಯ ತೊಗಲಿನದೆಂದು ಅಜ್ಜ ಹೇಳುತ್ತಿದ್ದ. 1972ರ ವನ್ಯಜೀವಿ ಕಾಯ್ದೆಯ ಮೇಲೆ ಅಂಥ ತೊಗಲು ಮುಟ್ಟುವಂತೆಯೂ ಇಲ್ಲ. ಅಜ್ಜ ಈಗಿಲ್ಲ. ಅಜ್ಜಿಯ ಕಣ್ಣು ಮಂಜಾಗಿದೆ, ಪದ ಮಂಜಾಗಿಲ್ಲ. ಅವರ ಬುಟ್ಟಿಯಲ್ಲಿ ಏನಿದೆ, ಯಾವ ಗೊಂಬೆ ಯಾವ ಪ್ರಸಂಗಕ್ಕೆ, ಯಾವ ಪದಕ್ಕೆ ಒಳಬರುತ್ತದೆ, ಯಾರು ಮಾಡಿದ್ದು, ಎಲ್ಲಿ ಹೊಲಿಗೆ ಬಿದ್ದಿದೆ ಎಂದು ಆಕೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬುಟ್ಟಿ ಅವರ ತೊಲೆಯಲ್ಲೇ ಇದೆ, ನಾನು ಬರೆಯುತ್ತಿರುವ ಪುಸ್ತಕದ ಒಂದು ಪ್ರತಿಯೂ ಅಲ್ಲೇ ಇದೆ. ಮೊಮ್ಮಗ ಬಳ್ಳಾರಿಯಲ್ಲಿ ಕೆಲಸಕ್ಕಿದ್ದು, ರಜೆಗೆ ಬಂದಾಗ ತೊಗಲು ಹೆರೆಯಲು ಕಲಿಯುತ್ತಿದ್ದಾನೆ.

ಆ ಹಿಂಡು ಎಲ್ಲೋ ಇದೆ ಎಂದು ನಂಬಿದ್ದೇನೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ದೇಶದಾಚೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಆದರೆ ತೊಗಲುಗೊಂಬೆಯ ಮೇಲೆ ಹುಟ್ಟಿದ ವರ್ಷ ಬರೆದಿರುವುದಿಲ್ಲ, ದಾಟಿಸುವುದು ಕಷ್ಟವೇನಲ್ಲ. ಬೆಂಗಳೂರಿನ ಯಾವುದೋ ಮನೆಯಲ್ಲಿರಬಹುದು, ಅಮೆರಿಕದಲ್ಲಿರುವ ನಮ್ಮವರ ಮನೆಯಲ್ಲೂ ಇರಬಹುದು. ಅಗಲ ಎರಡು ಮೊಳಕ್ಕೆ ಮೇಲು. ಒಂದೇ ತೊಗಲಿನಲ್ಲಿ ಒತ್ತಾಗಿ ನಿಂತ ಹಸುಗಳು, ಎಲ್ಲವೂ ಬಲಕ್ಕೆ ಮುಖ ಮಾಡಿವೆ, ಒಂದು ಮಾತ್ರ ಹಿಂದಕ್ಕೆ ತಿರುಗಿ ಕರುವನ್ನು ನೋಡುತ್ತಿದೆ. ಕೆಳಗಿನ ಅಂಚಿನಲ್ಲಿ ಕೋಲು ಹಿಡಿದ ಗೋವಳ. ಎಡಗಡೆಯ ಹಸುವಿನ ಕೊಂಬು ಹರಿದು, ನರದ ದಾರದಿಂದ ಹೊಲಿದ ಗುರುತು ಇದೆ. ನಿಮ್ಮಲ್ಲಿದ್ದರೆ ಹಿಂದಕ್ಕೆ ಕೊಡಿ ಎಂದು ಕೇಳುವ ಹಕ್ಕು ನನಗಿಲ್ಲ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು ಒಂದು ಫೋಟೊ ತೆಗೆದುಕೊಟ್ಟರೆ ಆ ಹುಡುಗನಿಗೆ ಗೆರೆ ಎಳೆಯಲು ಸಾಕು. ಹಲಗೆಗೆ ಅಂಟಿಸಿದ್ದರೆ ಹಾಗೆಯೇ ಫೋಟೊ ತೆಗೆಯಿರಿ. ಕೀಳಲು ಹೋಗಬೇಡಿ, ನೀರು ಮುಟ್ಟಿಸಬೇಡಿ.